ಕಾಕಾ ಕೈಯಿಟ್ಟ ‘ಎ’ ಕೀ

ನಮ್ಮ ಕಾಕಾ ಯಾವ ವಸ್ತುವನ್ನಾದರೂ ರಿಪೇರಿ ಮಾಡಬಲ್ಲರು. ಆ ವಸ್ತು ಮೊದಲು ಕೆಟ್ಟಿರಬೇಕು ಎಂಬ ಕಟ್ಟುಪಾಡು ಮಾತ್ರ ಅವರಿಗಿರಲಿಲ್ಲ! ನೆಟ್ಟಗೆ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು ‘ಜರಾ ಸುಧಾರಿಸಿ’, ಸವಣೂರಿನ ನಮ್ಮ ಓಣಿಗೆಲ್ಲ ಹೊತ್ತಲ್ಲದ ಹೊತ್ತಿನಲ್ಲಿ ಹನ್ನೆರಡು ಬಾರಿಸಿದವರು ಅವರು. ಅವರ ಹೆಂಡತಿ, ಅಂದರೆ ನಮ್ಮ ಕಾಕು, ಮನೆಗೆ ಹೊಸ ಸಾಮಾನು ಬಂದರೆ ಅವರ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಗೆ ಕಾಕಾ ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ನಾನೂ ಅಲ್ಲೇ ಕಲಿಯುತ್ತಿದ್ದೆ. ಚಿಕ್ಕವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕು ನನ್ನ ಎಡಗೈ ಕಿರುಬೆರಳು ಸೊಟ್ಟಗಾಗಿತ್ತು. ಇಂಗ್ಲಿಷ್ ಟೈಪಿಂಗಿನಲ್ಲಿ ‘ಎ’ ಅಕ್ಷರ ಆ ಬೆರಳಿನ ಪಾಲಿಗೇ ಬರಬೇಕೆ? ನಾನು ಒತ್ತಿದ ‘ಎ’ ಕಾಗದದ ಮೇಲೆ ಕಂಡೂ ಕಾಣದಂತೆ ಮೂಡುತ್ತಿತ್ತು. ಅದಕ್ಕೇ ಒಮ್ಮೆ ಫೇಲಾಗಿದ್ದೆ. “ಇದೊಂದು ಸಲ ನೋಡೂಣು. ಆಗಲಿಲ್ಲಂದ್ರ ಟೈಪಿಂಗ್ ಸಾಕು,” ಎಂದು ಅಪ್ಪ ಹೇಳಿಬಿಟ್ಟಿದ್ದರು. ನನಗೋ, ಕಚೇರಿಯಲ್ಲಿ ಟೈಪಿಸ್ಟ್ ಆಗಲೇಬೇಕೆಂಬ ಹಟ.

ಪರೀಕ್ಷೆ ಹತ್ತಿರ ಬಂದಾಗಲೇ, ಹಿರೇಬೆಂಡಿಗೇರಿಯಿಂದ ಕಲಿಯಲು ಬರುತ್ತಿದ್ದ ಪೈಲ್ವಾನನೊಬ್ಬ ಮೆಣಸಿನಕಾಯಿ ಕುಟ್ಟಿದ ಹಾಗೆ ಕುಟ್ಟಿ, ನಾನು ಕೂಡುತ್ತಿದ್ದ ಮಷಿನ್ನಿನ ‘ಎ’ ಕೀಯನ್ನೇ ಮುರಿದ.

“ಹುಬ್ಬಳ್ಳಿ ಮಿಸ್ತ್ರಿನ್ನ ಕರಸ್ರಿ,” ಎಂದಳು ಕಾಕು.

“ಯಾಕ? ನಾ ಇನ್ನೂ ಜೀವಂತ ಅದೇನಿ!”

“ಅದಕ್ಕ ಹೇಳಾಕತ್ತೇನಿ!”

ಕಾಕಾ ಬೆಸುಗೆ ಹಾಕಿ ಅಂದೇ ಸಂಜೆ ಕೀ ಕೂಡಿಸಿದರು. ಅಲ್ಲಿಗೆ ಬಿಟ್ಟರೆ ಅವರು ನಮ್ಮ ಕಾಕಾ ಹೇಗಾದಾರು! ಮರುದಿನ ಮತ್ತೆ ಬಿಚ್ಚಿದರು. ಅದರ ಮರುದಿನವೂ ಬಿಚ್ಚಿದರು. ಕೀಯ ಹಳೆ ಸ್ಪ್ರಿಂಗ್ ತೆಗೆದು, ಭಜನೆಯವರ ಏಕತಾರಿಯ ತಂತಿಯನ್ನು ಮೊಳೆಗೆ ಸುತ್ತಿ ತೆಳ್ಳಗಿನ ಹೊಸದೊಂದನ್ನು ಮಾಡಿ ಹಾಕಿದರು. ಆ ಸೋಮವಾರದ ಭಜನೆ ಬರೀ ತಾಳದ ಮೇಲೆಯೇ ನಡೆಯಿತು!

“ಸರ, ಇದು ಊದಿದ್ರೂ ಬಡೀತೈತ್ರಿ. ಕಾಗದ ತೂತು ಬೀಳಾಕತ್ತೈತಿ!” ಎಂದು ಪೈಲ್ವಾನ ದೂರಿದ.

“ಹಂಗಾರ ನೀ ಬ್ಯಾರೆ ಮಷಿನ್ ಮ್ಯಾಲ ಕುಂಡ್ರು.”

ನನ್ನನ್ನು ಮಾತ್ರ ದಿನಾ ಕರೆದು ಅದೊಂದೇ ಕೀ ಒತ್ತಿಸುತ್ತಿದ್ದರು. ಕಾಗದ ನೋಡಿ, “ಹೂಂ, ಇನ್ನ ಜರಾ ಐತಿ,” ಎಂದು ಮತ್ತೆ ಸ್ಕ್ರೂಡ್ರೈವರ್ ಹಿಡಿಯುತ್ತಿದ್ದರು. ಪರೀಕ್ಷೆ ತಲೆಯ ಮೇಲೆ ಕುಳಿತಿರುವಾಗ ಇವರದೇನು ಆಟವೆಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಪರೀಕ್ಷೆಗೆ ನಮ್ಮ ಮಷಿನ್ ನಾವೇ ಹೊತ್ತೊಯ್ಯಬೇಕಿತ್ತು. ಪರೀಕ್ಷೆಯಿದ್ದ ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ಕಾಕಾ ಅದಕ್ಕೆ ಶಾಲು ಹೊದಿಸಿ ಸೀಟಿನ ಮೇಲೆ ಕೂಡಿಸಿದರು.

“ಮ್ಯಾಲ ಇಡ್ರಿ ಅದನ್ನ,” ಎಂದ ಕಂಡಕ್ಟರ್.

“ಇದೇನು ಶೇಂಗಾ ಚೀಲ ಏನ್ರಿ? ಹಾಫ್ ಟಿಕೆಟ್ ಹರೀರಿ!”

“ಹಾಫ್ ಯಾಕ್ರಿ? ನಿಮಗಿಂತ ಹಿರೇದು ಕಾಣತೈತಿ!”

ಬಸ್ಸಿಗೆ ಬಸ್ಸೇ ನಕ್ಕಿತು. ಕಾಕಾ ಗತ್ತಿನಿಂದ ಫುಲ್ ಟಿಕೆಟ್ಟನ್ನೇ ತೆಗೆಸಿದರು.

ಪರೀಕ್ಷೆಯಲ್ಲಿ ದೇವರ ಮೇಲೆ ಭಾರ ಹಾಕಿ ಸೊಟ್ಟ ಬೆರಳಿಟ್ಟೆ. ‘ಎ’ ಮೂಡಿತು, ಮಿಕ್ಕ ಅಕ್ಷರಗಳಷ್ಟೇ ಕಪ್ಪಗೆ! ಕೊನೆಯ ಸಾಲಿನವರೆಗೂ ಬೆರಳು ದಣಿಯಲಿಲ್ಲ. ಪಾಸಾಗುತ್ತೇನೆಂಬ ಧೈರ್ಯದಿಂದಲೇ ಹೊರಗೆ ಬಂದೆ. ಆದೆ ಕೂಡ!

ರಿಸಲ್ಟ್ ಬಂದ ದಿನ ಕಾಕಾ ಮತ್ತೆ ಮಷಿನ್ ಬಿಚ್ಚಿ ಕುಳಿತಿದ್ದರು. ಹಳೆಯ ಸ್ಪ್ರಿಂಗನ್ನೇ ಹಾಕಿ, ಏಕತಾರಿ ತಂತಿಯದನ್ನು ತಾವು ಮೂಗಿಗೇರಿಸುವ ತಪಕೀರಿನ ಖಾಲಿ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. “ಎಲ್ಲೆರ ನೌಕರಿ ಸಿಕ್ರ, ಅಲ್ಲಿ ಮಷಿನ್ನಿಗೆ ಹಾಕಸ್ಕೋ.”

ಆಗ ನನಗೆ ತಿಳಿಯಿತು. ಅಷ್ಟು ದಿನ ಅವರು ಬಿಚ್ಚಿ ಜೋಡಿಸಿದ್ದೆಲ್ಲ ಯಾತಕ್ಕೆಂದು.

“ಕಾಕಾ, ಇದೆಲ್ಲ ನನ್ನ ಈ ಕೆಟ್ಟ ಬೆರಳಿನ ಸಲುವಾಗಿ ಮಾಡಿದ್ರಿ?”

“ನಿನ್ನ ಬೆರಳಿಗೇನಾಗೇತಿ?” ಎಂದರು ಅವರು, ಸ್ಕ್ರೂ ತಿರುವುತ್ತ, ತಲೆ ಎತ್ತದೆ. “ಬೆರಳು ಛಲೋ ಐತಿ ನಮ್ಮವ್ವಾ. ಕೀ ಕೆಟ್ಟಿತ್ತು.”