ಮರಳು ಮೂಟೆಯ ಬದಲಿಗೆ ನಾನು

ಹೆಂಗಸರ ವಯಸ್ಸನ್ನೂ ತೂಕವನ್ನೂ ಕೇಳಬಾರದೆಂದು ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಯಾರಾದರೂ ಕೇಳಿಯೇಬಿಟ್ಟರೆ ಏನು ಹೇಳಬೇಕೆಂಬುದನ್ನು ಮಾತ್ರ ಕಲಿಸಿರಲಿಲ್ಲ. ಒಳ್ಳೆಯ ವಿದ್ಯಾಭ್ಯಾಸದ ತೊಂದರೆಯೇ ಇದು. ಜಗತ್ತಿನಲ್ಲಿ ಎಲ್ಲರೂ ಅದೇ ಶಾಲೆಯಲ್ಲಿ ಓದಿದ್ದಾರೆಂದು ನಂಬಿಕೊಂಡು ಪಾಠ ಹೇಳುತ್ತಾರೆ. ಹೀಗಾಗಿ ಜರ್ಮನಿಯ ಡಾರ್ಮ್‌ಸ್ಟಾಟಿನಲ್ಲಿ ಒಂದು ದಿನ, ನಾನು ಬಟ್ಟೆ ಒಣಹಾಕುತ್ತಿದ್ದಾಗ, ಬೇಲಿಯಾಚೆಯಿಂದ ಫ್ರಾವ್ ಕ್ರೆಮರ್, ಎಂದರೆ ಶ್ರೀಮತಿ ಕ್ರೆಮರ್, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಫ್ರಾವ್ ರಾವ್, ನಿಮ್ಮ ತೂಕ ಎಷ್ಟು?” ಎಂದು ಕೇಳಿದಾಗ, ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಿಜ ಹೇಳಿಬಿಟ್ಟೆ. ಅವರ ಮುಖ ಅರಳಿತು. “ಸರಿಯಾಗಿ ಅಷ್ಟೇ ಬೇಕಿತ್ತು ನನಗೆ!” ಎಂದರು. ಮದುವೆಯಾದಂದಿನಿಂದ ನನ್ನ ತೂಕ ಕೇಳಿ ಸಂತೋಷಪಟ್ಟವರು ಅವರೊಬ್ಬರೇ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮವರು ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ಲೋಹದ ಸರಳುಗಳನ್ನು ಎಳೆದೆಳೆದು ಅವು ಯಾವಾಗ ತುಂಡಾಗುತ್ತವೆಂದು ನೋಡುತ್ತಿದ್ದರು. ಮನೆಯಲ್ಲಿ ಅದೇ ಪರೀಕ್ಷೆ ನನ್ನ ತಾಳ್ಮೆಯ ಮೇಲೆ ನಡೆಯುತ್ತಿತ್ತು. ಪಕ್ಕದ ಮನೆಯ ಫ್ರಾವ್ ಕ್ರೆಮರ್ ಬೆಳಗಿನ ಹೊತ್ತು ಬೇಕರಿಯಲ್ಲಿ ದುಡಿದು, ಉಳಿದ ಹೊತ್ತೆಲ್ಲ ತಮ್ಮ ಆರು ನಾಯಿಗಳಿಗಾಗಿ ಬದುಕುತ್ತಿದ್ದರು. ಅವು ಹಿಮದ ಮೇಲೆ ಬಂಡಿ ಎಳೆಯುವ ನಾಯಿಗಳು. ನಾರ್ವೆಯ ಉತ್ತರದ ತುದಿಯಲ್ಲಿ ಹಗಲಿರುಳು, ದಿನಗಟ್ಟಲೆ ನಡೆಯುವ ಒಂದು ಓಟಕ್ಕೆ ಅವರು ಮೊದಲ ಸಲ ಹೋದಾಗ ಹಿಮಗಾಳಿಗೆ ಸಿಕ್ಕಿದ್ದರಿಂದ, ಅರ್ಧದಾರಿಯಿಂದ ಇವರನ್ನು ಬೇರೆಯವರ ಬಂಡಿಯಲ್ಲಿ ಮಲಗಿಸಿಕೊಂಡು ತಂದಿದ್ದರಂತೆ. ಎಡಗಾಲಿನ ಬೆರಳುಗಳನ್ನು ಚಳಿ ತಿಂದುಹಾಕಿತ್ತು. ಡಾಕ್ಟರು ಇನ್ನು ಬೇಡವೆಂದರು. ಗಂಡ, ನಾನೋ ನಾಯಿಗಳೋ ತೀರ್ಮಾನ ಮಾಡು ಎಂದ. “ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ” ಎನ್ನುವಾಗ ಫ್ರಾವ್ ಕ್ರೆಮರ್ ನಗುತ್ತಿದ್ದರು, ಆದರೆ ಕೈ ಮಾತ್ರ ಏಪ್ರನ್ನಿನ ಹಿಟ್ಟನ್ನು ಕೊಡವುತ್ತಲೇ ಇರುತ್ತಿತ್ತು, ಏಪ್ರನ್ ತೊಡದ ದಿನವೂ. ಅವರಿಗೆ ಗೆಲ್ಲುವ ಆಸೆಯಿರಲಿಲ್ಲ. ಒಂದೇ ಒಂದು ಸಲ, ಯಾರೂ ಹೊತ್ತು ತರದೆ, ತಮ್ಮ ಕಾಲ ಮೇಲೆ ನಿಂತು ಕೊನೆ ಮುಟ್ಟಬೇಕು, ಅಷ್ಟೇ.

“ಅದೇನ್ರೀ ಆ ಹಿಮದ ಮೇಲೆ ಅಷ್ಟು ಆಸೆ?” ಎಂದು ನಾನೊಮ್ಮೆ ಕೇಳಿದ್ದೆ. ಅವರು ಹಳೆಯ ಜರ್ಮನಿಯ ಪೂರ್ವದ ಕಡೆಯವರು. ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಚಳಿಗಾಲದಲ್ಲಿ ಅಮ್ಮನ ಜೊತೆ ಕುದುರೆ ಕಟ್ಟಿದ ಜಾರುಬಂಡಿಯಲ್ಲಿ ಊರು ಬಿಟ್ಟವರು. ಆ ಊರು ಈಗ ಬೇರೆ ದೇಶದಲ್ಲಿದೆ, ಹೆಸರೂ ಬೇರೆಯಾಗಿದೆ. “ಊರು ಹೋಯಿತು, ಹಿಮ ಮಾತ್ರ ಎಲ್ಲ ಕಡೆ ಒಂದೇ ಥರ ಇರುತ್ತದಲ್ಲ” ಎಂದರು. ನನಗೆ ಥಟ್ಟನೆ ಮೈಸೂರಿನ ಬಿಸಿಲು ನೆನಪಾಯಿತು. ಬಿಸಿಲಿಗೆ ಆ ಗುಣವಿಲ್ಲ. ಡಾರ್ಮ್‌ಸ್ಟಾಟಿನ ಬಿಸಿಲಿನಲ್ಲಿ ಎಷ್ಟು ಹೊತ್ತು ನಿಂತರೂ ಅದು ಸಂಡಿಗೆ ಒಣಗುವ ಬಿಸಿಲಾಗುವುದಿಲ್ಲ.

ಡಾರ್ಮ್‌ಸ್ಟಾಟಿನಲ್ಲಿ ಹಿಮ ಬೀಳುವುದೋ, ಕರೆಯದ ನೆಂಟರ ಹಾಗೆ; ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕಾಗಿ ಫ್ರಾವ್ ಕ್ರೆಮರ್ ಹಳೆಯ ಕಾರಿನ ತಳವನ್ನು ಕಳಚಿ, ನಾಲ್ಕು ಚಕ್ರದ ಗಾಡಿ ಮಾಡಿಕೊಂಡು, ಕಾಡಿನ ದಾರಿಯಲ್ಲಿ ನಾಯಿಗಳಿಗೆ ಅಭ್ಯಾಸ ಮಾಡಿಸುತ್ತಿದ್ದರು. ಓಟದಲ್ಲಿ ಊಟ, ಒಲೆ, ಹಾಸಿಗೆಯ ಭಾರ ಇರುವುದರಿಂದ ಗಾಡಿಯ ಮೇಲೂ ಭಾರ ಬೇಕು. ಮೊದಲು ಮರಳಿನ ಮೂಟೆ ಇಡುತ್ತಿದ್ದರು. “ಮೂಟೆಗೆ ಬುದ್ಧಿ ಇಲ್ಲ, ತಿರುವಿನಲ್ಲಿ ಬಿದ್ದುಹೋಗುತ್ತದೆ. ನೀವಾದರೆ ವಾಲಿ ಕೂರುತ್ತೀರಿ” ಎಂದರು. ಮರಳು ಮೂಟೆಗಿಂತ ನಾನು ಒಂದು ತೂಕ ಮೇಲೆಂದು ಹೇಳಿದವರನ್ನು ಹೇಗೆ ನಿರಾಶೆಗೊಳಿಸಲಿ? ನಮ್ಮವರ ಹಳೆಯ ಓವರ್‌ಕೋಟನ್ನು ಸೀರೆಯ ಮೇಲೆ ತೊಟ್ಟು, ಎರಡು ಜೊತೆ ಕಾಲುಚೀಲ ಏರಿಸಿ, ದೇವರ ಹೆಸರು ಹೇಳಿ ಕೂತೆ. ಮೊದಲ ತಿರುವಿನಲ್ಲಿ ಯಾರ್ಯಾರ ಹೆಸರು ಹೇಳಿದೆನೋ ನೆನಪಿಲ್ಲ.

ಸಂಜೆ ನಮ್ಮವರು ಬಂದವರೇ, “ಏನೇ ಇದು, ನಾಯಿಗಾಡಿ ಹತ್ತಿದ್ಯಂತೆ? ಡಿಪಾರ್ಟ್‌ಮೆಂಟಲ್ಲೆಲ್ಲ ಅದೇ ಟಾಪಿಕ್ಕು. ನಮ್ಮ ಪ್ರೊಫೆಸರ್ ಮಿಸೆಸ್ಸು ನೋಡಿದ್ರಂತೆ” ಎಂದರು.

“ನೋಡಿ ಏನಂದ್ರು?”

“ಇಂಡಿಯಾದಲ್ಲಿ ಹೆಂಗಸರು ಹೀಗೇನಾ ಓಡಾಡೋದು ಅಂತ ಕೇಳಿದ್ರಂತೆ.”

“ಹೂಂ ಅನ್ನಬೇಕಿತ್ತು. ಆನೆ ಸಿಗದಾಗ ಮಾತ್ರ ಅಂತ” ಎಂದೆ. ಕಾನ್ವೆಂಟು ಬಿಟ್ಟ ಮೇಲೆ ನಾನು ಆಡಿದ ಮೊದಲ ಎದುರುತ್ತರ ಅದೇ ಇರಬೇಕು. ಗಾಡಿ ಹತ್ತಿದ ಪ್ರಭಾವ.

ಓಡುವ ಮುಂಚೆ ನಾಯಿಗಳಿಗೆ ಒಂದು ಅಗುಳೂ ಕೊಡುವಂತಿಲ್ಲವೆಂದು ಫ್ರಾವ್ ಕ್ರೆಮರ್ ಕಟ್ಟುನಿಟ್ಟಾಗಿ ಹೇಳಿದ್ದರು. ಓಟ ಮುಗಿದ ಮೇಲೆ ಅವು ತರಗೆಲೆಯ ಮೇಲೆ ನಾಲಗೆ ಚಾಚಿ ಮಲಗಿಬಿಡುತ್ತಿದ್ದವು. ಅವುಗಳ ಮಾಂಸದೂಟ ತಡವಾಗಿ ಬರುತ್ತಿತ್ತು. ಅದಕ್ಕೆ ಮೊದಲು ನಾನು ಒಂದು ಪಾತ್ರೆ ಮೊಸರನ್ನ ಒಯ್ಯತೊಡಗಿದೆ, ಒಗ್ಗರಣೆ ಇಲ್ಲದೆ. ನಮ್ಮಲ್ಲಿ ಊಟಕ್ಕೆ ಬಂದವರನ್ನು ‘ಕೂತ್ಕೊಳ್ಳಿ’ ಎನ್ನುವುದಿಲ್ಲವಲ್ಲ. ಹಜಾರದಲ್ಲಿ ಹರಟುತ್ತ ಕೂತವರ ಮುಂದೆ ನಿಂತು ‘ಏಳಿ, ಊಟಕ್ಕೇಳಿ’ ಎನ್ನುತ್ತೇವೆ. ನಾನೂ ಹಾಗೇ ಎಂದೆ. ಮುಂದಾಳು ನಾಯಿ ಬೆರ್ಟಾ ಮೊದಲು ಎದ್ದಳು, ಅವಳ ಹಿಂದೆ ಉಳಿದ ಐದೂ. ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ಮನೆಯಲ್ಲಿ ನಾನು ಹೀಗೆ ಕರೆದರೆ ನಮ್ಮವರು ಪೇಪರಿನ ಹಿಂದಿನಿಂದ “ಒನ್ ಮಿನಿಟ್” ಎನ್ನುತ್ತಿದ್ದರು, ಮಗ ಮುರಳಿ ಕೋಣೆಯಿಂದ “ಗ್ಲೈಷ್, ಮಾಮಾ” ಎನ್ನುತ್ತಿದ್ದ. ಈಗ ಬಂದೆ ಎಂದು ಅದರ ಅರ್ಥ, ಬರುವುದಿಲ್ಲ ಎಂದು ಅನುಭವ. ಒಂದೇ ಕೂಗಿಗೆ ಪಂಕ್ತಿಯೇ ಎದ್ದು ಬಂದದ್ದನ್ನು ಕಂಡು ಎಷ್ಟು ವರ್ಷವಾಗಿತ್ತೋ! ಆಮೇಲೆ ದಿನವೂ ಗಾಡಿಯ ಮೇಲೆ ಕೂತು ಅವುಗಳ ಬೆನ್ನಿಗೆ ಊರಿನ ಸಮಾಚಾರವೆಲ್ಲ ಕನ್ನಡದಲ್ಲೇ ಹೇಳುತ್ತಿದ್ದೆ. ಅಡ್ಡಮಾತಾಡದೆ ಕೇಳುತ್ತಿದ್ದವು.

ಚಳಿಗಾಲ ಬಲಿತಾಗ ಫ್ರಾವ್ ಕ್ರೆಮರ್ ನಾಯಿಗಳೊಂದಿಗೆ ಉತ್ತರಕ್ಕೆ ಹೊರಟರು. “ಈ ಸಲ ಆಗದಿದ್ದರೆ ಇನ್ನು ಆಗುವುದಿಲ್ಲ, ಬೆರ್ಟಾಗೂ ವಯಸ್ಸಾಯಿತು, ನನಗೂ” ಎಂದರು. ಬೇಲಿಯಾಚೆ ಸದ್ದಿಲ್ಲದಾಯಿತು. ನಾನು ಅಭ್ಯಾಸಬಲದಿಂದ ಅನ್ನಕ್ಕೆ ಹೆಚ್ಚು ಇಡುತ್ತಿದ್ದೆ. ನಮ್ಮವರು ಸತತವಾಗಿ ಚಿತ್ರಾನ್ನ ತಿಂದು, “ಆ ಓಟ ಬೇಗ ಮುಗೀಲಪ್ಪಾ” ಎಂದು ನನಗಿಂತ ಹೆಚ್ಚು ಪ್ರಾರ್ಥಿಸಿದರು.

ಅವರು ಹಿಂತಿರುಗಿದ ದಿನ ನಾನು ಬೇಲಿಯ ಹತ್ತಿರ ಓಡಿದೆ. ಫ್ರಾವ್ ಕ್ರೆಮರ್ ಕುಂಟುತ್ತ ಬಂದರು, ಮುಖದ ಚರ್ಮ ಸುಲಿದಿತ್ತು. “ಕೊನೆಯವಳಾಗಿ ಬಂದೆ!” ಎಂದು ಕೈ ಮೇಲೆತ್ತಿದರು. ಹಿಂದಿನ ಸಲ ಸೋತ ಬಯಲಿನಲ್ಲೇ ಬೆರ್ಟಾ ಕೂತುಬಿಟ್ಟಳಂತೆ. ಅವಳು ಕೂತ ಮೇಲೆ ಉಳಿದವೂ ಕೂತವು. ಗದರಿದರು, ಮುದ್ದಿಸಿದರು, ಹಗ್ಗ ಹಿಡಿದು ತಾವೇ ಎಳೆದರು, ಕೊನೆಗೆ ಹಿಮದಲ್ಲಿ ಕೂತು ಅತ್ತರು. ಆಮೇಲೆ ಬೇರೇನೂ ತೋಚದೆ, “ಏಲಿ, ಊಟಾಕ್ ಏಲಿ!” ಎಂದು ಕೂಗಿದರಂತೆ. ಬೆರ್ಟಾ ಎದ್ದಳು. ಆರೂ ಎದ್ದವು. ಎದ್ದವೇ ಹೊರತು ಓಡಲಿಲ್ಲ. ಪಾತ್ರೆ ಎಲ್ಲಿ ಎಂದು ಇವರ ಮುಖ ನೋಡುತ್ತ ನಿಂತವು. “ಕರೆದ ಮೇಲೆ ಬಡಿಸದೆ ಇರುವುದು ಹೇಗೆ, ಫ್ರಾವ್ ರಾವ್?” ಹಿಮ ಕರಗಿಸಿ, ಇದ್ದ ಮಾಂಸವನ್ನೂ ತಮ್ಮ ಪಾಲಿನ ಬ್ರೆಡ್ಡನ್ನೂ ಬಿಸಿನೀರಿಗೆ ಹಾಕಿ ಬಡಿಸಿದರು. ಉಂಡ ಮೇಲೆ ಓಡುತ್ತವೆಯೇ? ಸುರುಳಿ ಸುತ್ತಿಕೊಂಡು ಗಡದ್ದಾಗಿ ನಿದ್ದೆ ಹೊಡೆದವು. ಹಿಂದಿದ್ದ ಬಂಡಿಗಳೆಲ್ಲ ಒಂದೊಂದಾಗಿ ದಾಟಿಹೋದವು. ನಿದ್ದೆ ಮುಗಿಸಿ ತಾವಾಗಿಯೇ ಎದ್ದು ಓಡಿದವಂತೆ, ಕೊನೆಯವರೆಗೆ. ಇವರು ತಲುಪಿದಾಗ ಅಲ್ಲಿ ಬಾವುಟ ಬಿಚ್ಚಿ, ಕಾಫಿ ಕೆಟಲ್ಲು ತೊಳೆದು ಇಟ್ಟಾಗಿತ್ತು. “ಆದರೆ ನಿಂತುಕೊಂಡು ಬಂದೆ” ಎಂದರು ಫ್ರಾವ್ ಕ್ರೆಮರ್.

ನಾವಿಬ್ಬರೂ ಬೇಲಿಯ ಎರಡು ಕಡೆ ನಿಂತು ಅತ್ತೆವು. ಕಣ್ಣೊರೆಸಿಕೊಂಡ ಮೇಲೆ ಅವರು, “ಅಲ್ಲೇ ನಾರ್ವೆಯಲ್ಲಿ ಒಂದು ಬೇಕರಿಯಲ್ಲಿ ಕೆಲಸ ಸಿಕ್ಕಿದೆ. ಬೆಳಿಗ್ಗೆ ಕಿಟಕಿ ತೆಗೆದರೆ ನಮ್ಮೂರಿನ ವಾಸನೆ ಬರುತ್ತದೆ. ನಾಯಿಗಳನ್ನೂ ಕರೆದುಕೊಂಡು ಹೋಗಿಬಿಡುತ್ತೇನೆ” ಎಂದರು. ಇಂಥ ಹೊತ್ತಿಗೆ ಏನೆನ್ನಬೇಕೆಂದು ಕಾನ್ವೆಂಟಿನಲ್ಲಿ ನನಗೆ ಚೆನ್ನಾಗಿ ಕಲಿಸಿದ್ದರು. “ವುಂಡರ್‌ಬಾರ್! ಬಹಳ ಸಂತೋಷ” ಎಂದೆ. ಒಳಗೆ ಬಂದು ಈರುಳ್ಳಿ ಹೆಚ್ಚಿದೆ, ಅವತ್ತು ಅಡುಗೆಗೆ ಈರುಳ್ಳಿ ಬೇಕಿರಲಿಲ್ಲ.

ಅವರು ಹೊರಡುವ ದಿನ ಮನೆಯ ದೊಡ್ಡ ಪಾತ್ರೆಯ ತುಂಬ ಮೊಸರನ್ನ ಕಲಸಿದೆ. ಹೊಟ್ಟೆ ತುಂಬಿದ ನಾಯಿಗಳು ಕದಲುವುದಿಲ್ಲವೆಂಬುದನ್ನು ಅವರ ಬಾಯಿಂದಲೇ ಕೇಳಿದ್ದೆನಲ್ಲ. ಅವರು ಪೆಟ್ಟಿಗೆ ಕಟ್ಟುತ್ತಿದ್ದಾಗ ಆರನ್ನೂ ಊಟಕ್ಕೆ ಎಬ್ಬಿಸಿ, ಸಾಕೆಂದರೂ ಬಿಡದೆ ಬಡಿಸಿದೆ. ಅಂದುಕೊಂಡಂತೆಯೇ ಅವು ಬೇಲಿಯ ಬುಡದಲ್ಲಿ ಅಡ್ಡಾದವು. ಇನ್ನು ಈವತ್ತು ಇವು ಹೊರಟ ಹಾಗೆಯೇ ಎಂದು ನಿಶ್ಚಿಂತೆಯಿಂದ ಪಾತ್ರೆ ತೊಳೆಯುತ್ತಿದ್ದೆ, ಹೊರಗೆ ವ್ಯಾನು ಬಂದು ನಿಂತಿತು. ನಾರ್ವೆಗೆ ಅವು ಗಾಡಿ ಎಳೆದುಕೊಂಡು ಹೋಗುವುದಿಲ್ಲವೆಂದು ನನಗೆ ಹೊಳೆದದ್ದು ಆಗ. ಫ್ರಾವ್ ಕ್ರೆಮರೂ ಡ್ರೈವರೂ ನಿದ್ದೆ ಮಾಡುತ್ತಿದ್ದ ನಾಯಿಗಳನ್ನು ಒಂದೊಂದಾಗಿ ಎತ್ತಿ ಒಳಗೆ ಮಲಗಿಸಿದರು. ಬೆರ್ಟಾ ಕಣ್ಣೂ ತೆರೆಯಲಿಲ್ಲ. ಫ್ರಾವ್ ಕ್ರೆಮರ್ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡು, “ಎಷ್ಟು ಯೋಚನೆ ಮಾಡುತ್ತೀರಿ ನೀವು! ಇನ್ನು ದಾರಿಯುದ್ದಕ್ಕೂ ಗಲಾಟೆಯಿಲ್ಲದೆ ಮಲಗುತ್ತವೆ” ಎಂದರು.

“ಅದಕ್ಕೇ ಬಡಿಸಿದ್ದು” ಎಂದೆ ನಾನು.