ಹಗಲಲ್ಲಿ ಇಳಿಸಿದ ಪರದೆ

ಕಾದಂಬರಿಯ ಮೂರನೆಯ ಸಂಪುಟದ ಕೊನೆಯ ಅಧ್ಯಾಯ ಸಂಜೆ ಐದರ ಟಪಾಲಿಗೆ ಹೋಗಲೇಬೇಕಿತ್ತು. ತಪ್ಪಿದರೆ ಪುಸ್ತಕವೇ ಬೇಡ ಎಂದು ಲಂಡನ್ನಿನ ಪ್ರಕಾಶಕರು ಖಡಾಖಂಡಿತವಾಗಿ ಬರೆದಿದ್ದರು. ಎದೆರೋಗದ ಗಂಡ ಆಂಬ್ರೋಸನ ಔಷಧಿಯೂ ರೊಟ್ಟಿಯೂ ಲವೀನಿಯಾಳ ಲೇಖನಿಯಿಂದಲೇ ಬರಬೇಕು. ಯಾರೂ ಬಂದು ಕಾಡದಿರಲೆಂದು ಆಕೆ ಬೀದಿ ಕಡೆಯ ಪರದೆಗಳನ್ನೆಲ್ಲ ಇಳಿಸಿ ಬರೆಯಲು ಕೂತಳು.

ಪ್ರವಾಸದ ಪುಸ್ತಕಕ್ಕೆಂದು ಇಟಲಿಗೆ ಹೋಗಿದ್ದಾಗ ಕಲಿತ ಅಭ್ಯಾಸ. ಅಲ್ಲಿ ಹಗಲಲ್ಲಿ ಕಿಟಕಿ ಮುಚ್ಚಿದರೆ ಮನೆಯವರು ಮಲಗಿದ್ದಾರೆ ಎಂದರ್ಥ. ಇಂಗ್ಲೆಂಡಿನ ತಮ್ಮೂರು ಸಿಡ್ಮತ್‌ನಲ್ಲಿ ಹೆಣ ಬಿದ್ದಿದೆ ಎಂದರ್ಥ. ಆಕೆಗದು ಮರೆತೇಹೋಗಿತ್ತು.

ಎದುರುಮನೆಯ ಮಿಸೆಸ್ ಸ್ನೆಲ್ ಕಪ್ಪು ಬಟ್ಟೆ ತೊಟ್ಟು, ಬೇಯಿಸಿದ ಹಂದಿ ತೊಡೆ ಹಿಡಿದು, ನಾಲ್ವರು ಹೆಂಗಸರೊಂದಿಗೆ ನುಗ್ಗಿದಳು.

“ಅಯ್ಯೋ ಲವೀನಿಯಾ, ಹೋಗಿಬಿಟ್ರಾ!”

“ಯಾರೂ ಹೋಗಿಲ್ಲ ಕಣ್ರೀ! ಮೇಲೆ ಮಲಗಿದ್ದಾರೆ. ಈಗಷ್ಟೇ ಗಂಜಿ ಕುಡಿದ್ರು.”

“ಪಾಪ, ತಲೆ ಕೆಟ್ಟಿದೆ. ನನ್ನ ನಾದಿನೀನೂ ಹೀಗೇ, ಎರಡು ದಿನ ಹೆಣಕ್ಕೆ ಟೀ ಕೊಟ್ಲು. ಅತ್ತುಬಿಡು ತಾಯಿ.”

ನಾರ್ವೆಯ ಹಿಮಬೆಟ್ಟಗಳನ್ನು ಕುದುರೆ ಮೇಲೆ ದಾಟಿದ್ದ ಲವೀನಿಯಾಗೆ ಐವರು ಹೆಂಗಸರನ್ನು ದಾಟಿ ಮೇಜು ತಲುಪಲಾಗಲಿಲ್ಲ. ಗಡಿಯಾರ ಎರಡು ಹೊಡೆಯಿತು. ನಿನ್ನೆಯವರೆಗೆ ಆಂಬ್ರೋಸನನ್ನು ‘ಹೆಂಡತಿ ದುಡಿಮೇಲಿ ಕೆಮ್ಮೋ ಸೋಮಾರಿ’ ಎನ್ನುತ್ತಿದ್ದ ಮಿಸೆಸ್ ಸ್ನೆಲ್, “ದೇವರಂಥ ಮನುಷ್ಯ!” ಎಂದು ಕರವಸ್ತ್ರ ಹಿಂಡಿದಳು.

ಮೆಟ್ಟಿಲ ಮೇಲಿಂದ ಕಿಸಕ್ಕನೆ ನಗು. ಮಲಗುವ ಟೋಪಿಯಲ್ಲಿ ಆಂಬ್ರೋಸ್!

“ಇನ್ನೂ ಸ್ವಲ್ಪ ಹೊಗಳಿ ತಾಯಿ. ಬದುಕಿದ್ದಾಗ ಒಂದೂ ಕೇಳಿರ್ಲಿಲ್ಲ.”

ಹೆಂಗಸರು ನರಿ ನುಗ್ಗಿದ ಕೋಳಿಗೂಡಿನಂತೆ ಕಿರುಚಿದರು.

“ಸಾವನ್ನ ಆಟ ಮಾಡ್ಕೊಂಡಿದೀರಾ? ಥೂ!” ಎಂದು ಮಿಸೆಸ್ ಸ್ನೆಲ್ ಎಲ್ಲರನ್ನೂ ಕರೆದುಕೊಂಡು ಹೋದಳು. ಲವೀನಿಯಾ ತಕ್ಷಣ ಪರದೆಗಳನ್ನು ಮೇಲೆತ್ತಿದಳು.

“ಹಂದಿ ತೊಡೆ ಇಲ್ಲೇ ಬಿಟ್ಟುಹೋದ್ರು ಕಣೇ,” ಆಂಬ್ರೋಸ್ ತಟ್ಟೆ ಎತ್ತಿಕೊಂಡ. “ತನ್ನ ಸಾವಿನ ಊಟ ತಾನೇ ಉಣ್ಣೋ ಭಾಗ್ಯ ಯಾರಿಗುಂಟು!”

“ಮೆಲ್ಲಗೆ ತಿನ್ರೀ. ಐದರ ತನಕ ನನ್ನ ಕರೀಬೇಡಿ.”

ತಟ್ಟೆ ಹಿಡಿದು ಮೇಲೆ ಹೋದ ಆತ ಕರೆಯಲಿಲ್ಲ. ಮೇಲೆ ಒಮ್ಮೆ ಜೋರಾಗಿ ಕೆಮ್ಮು ಕೇಳಿಸಿತು, ನಿಂತಿತು. ಸದ್ಯ ನಿಂತಿತಲ್ಲ ಎಂದುಕೊಂಡು ಲವೀನಿಯಾ ಬರೆದಳು. ಒಂದೇ ಪುಟ ಉಳಿದಾಗ ಟೀ ಹಿಡಿದು ಮೇಲೆ ಹೋದಳು. ಆಂಬ್ರೋಸ್ ಕುರ್ಚಿಯಲ್ಲೇ ಇದ್ದ. ಗಂಟಲಲ್ಲಿ ಮಾಂಸದ ತುಂಡು ಸಿಕ್ಕಿಕೊಂಡಿತ್ತು. ಕೈ ಆಗಲೇ ತಣ್ಣಗಾಗಿತ್ತು.

ಟೀ ಬಟ್ಟಲು ಹಿಡಿದೇ ಆಕೆ ಬೀದಿಗೆ ಓಡಿದಳು.

“ನಿಜವಾಗ್ಲೂ ಹೋಗಿಬಿಟ್ರು ಕಣ್ರೀ!”

ಮಿಸೆಸ್ ಸ್ನೆಲ್ ಬಾಗಿಲ ಸಂದಿಯಿಂದ ಬಟ್ಟಲನ್ನೊಮ್ಮೆ ನೋಡಿದಳು.

“ಆ ಟೀ ಕೊಡು, ಎದ್ದು ಬರ್ತಾರೆ!”

ಬಾಗಿಲು ಧಡಾರೆಂದು ಮುಚ್ಚಿತು.

ಲವೀನಿಯಾ ಒಳಗೆ ಬಂದು ಪರದೆಗಳನ್ನೆಲ್ಲ ಇಳಿಸಿದಳು. ಐದಕ್ಕೆ ಟಪಾಲು ಗಾಡಿ ತುತ್ತೂರಿ ಊದುತ್ತ ಹೋಯಿತು. ಕೊನೆಯ ಪುಟ ಮೇಜಿನ ಮೇಲೆ ಖಾಲಿಯೇ ಉಳಿಯಿತು. ಯಾರೂ ಬಾಗಿಲು ತಟ್ಟಲಿಲ್ಲ. ಬೆಳಿಗ್ಗೆ ಆಕೆ ಬಯಸಿದ್ದು ಇಂಥದೇ ನಿಶ್ಶಬ್ದವನ್ನು.