ನಮ್ಮ ಮನೆಯ ಮೊಸರು ನಿಲ್ಲಿಸಿದ ದಂತವೈದ್ಯೆಗೆ

ಸ್ಮೋಲ್ಯಾನ್ ಪಟ್ಟಣದ ದಂತವೈದ್ಯೆ ಡಾಕ್ಟರ್ ಕರಾಜೋವಾ ಅವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕೈಗೂ ಕೈಯಲ್ಲಿನ ಪುಟ್ಟ ಕನ್ನಡಿಗೂ ನಮಸ್ಕರಿಸಿ, ಕ್ಲಾರಿನೆಟ್ ವಾದಕ ರಾಂಗೆಲನ ಹೆಂಡತಿಯಾದ ನಾನು ಈ ದೂರನ್ನು ಊರೆಲ್ಲ ಓದಲೆಂದೇ ಬರೆಯುತ್ತಿದ್ದೇನೆ.

ವಸಂತದಲ್ಲಿ ನನ್ನ ಗಂಡನ ಒಸಡಿನಿಂದ ರಕ್ತ ಬರತೊಡಗಿ, ವಾದ್ಯವನ್ನು ಕಚ್ಚಿ ಹಿಡಿಯುವ ಮುಂದಿನ ಹಲ್ಲೇ ಅಲುಗಾಡಿದಾಗ, ಇನ್ನು ಮದುವೆಮನೆಗಳಲ್ಲಿ ತಟ್ಟೆ ತೊಳೆಯುವುದೇ ಗತಿಯೆಂದು ಅವನು ಕ್ಲಾರಿನೆಟ್ಟನ್ನು ಪೆಟ್ಟಿಗೆಗೆ ಹಾಕಿ ಕೂತಿದ್ದ. ತಾವು ಒಸಡು ಶುಚಿಗೊಳಿಸಿ, ಐವತ್ತೆರಡರ ಗಂಡಸಿಗೆ ಹಲ್ಲುಜ್ಜಲು ಕಲಿಸಿ, ಜೊತೆಗೆ ಪ್ರೊಬಯಾಟಿಕ್ ಮಾತ್ರೆಯ ಡಬ್ಬಿ ಕೊಟ್ಟು, "ಉಜ್ಜಿದ ಮೇಲೆ ದಿನಕ್ಕೊಂದು ಚೀಪಿ. ಇದರಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಬಾಯಲ್ಲಿ ಜಾಗ ಹಿಡಿದ್ರೆ ಕೆಟ್ಟವಕ್ಕೆ ಕೂರೋಕೆ ಎಡೆ ಸಿಗಲ್ಲ" ಎಂದಿರಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಇವು ಮೊಸರಿನ ಬ್ಯಾಕ್ಟೀರಿಯಾಗಳ ನೆಂಟರೇ, ಆದರೆ ಬಾಯಿಯ ಕೆಲಸದಲ್ಲಿ ಹೆಚ್ಚು ಪಳಗಿದವು ಎಂದೂ ಸೇರಿಸಿದಿರಿ. ನನ್ನ ಗಂಡ ಆ ಮಾತನ್ನು ಊಟದ ಮೇಜಿನಲ್ಲಿ ತಾಯಿಯ ಎದುರೇ ಹೇಳಿದ.

ನಮ್ಮ ಅತ್ತೆ ರಾಡಾ ಅವರು ಅರವತ್ತು ವರ್ಷದಿಂದ ಕುರಿಹಾಲಿಗೆ ಹೆಪ್ಪು ಹಾಕುತ್ತಿರುವವರು. "ನನ್ನ ಮೊಸರಲ್ಲಿರೋವು ಏನು ಸೋಮಾರಿಗಳಾ? ಆ ಡಾಕ್ಟರಮ್ಮನೇ ನಿನಗೆ ಹೆಪ್ಪು ಹಾಕಲಿ, ಮಗನೇ" ಎಂದು ಮಡಕೆ ಬೋರಲು ಹಾಕಿದವರು ಐದು ವಾರವಾದರೂ ಅದನ್ನು ಎತ್ತಿಲ್ಲ. ನಾನು ಸೌತೆಕಾಯಿಯ ತಣ್ಣನೆ ಸಾರಿಗೆ ಅಂಗಡಿಯ ಮೊಸರು ಹಾಕಿದರೆ, ಬಟ್ಟಲು ನೋಡಿ, "ಯಾರಿಗೆ ಹುಷಾರಿಲ್ಲ?" ಎಂದು ಕೇಳುತ್ತಾರೆ.

ತಮ್ಮ ವೈದ್ಯವನ್ನು ಬೈಯೋಣವೆಂದರೆ ತಾವು ಆ ಸುಖವನ್ನೂ ಉಳಿಸಿಲ್ಲ. ರಕ್ತ ನಿಂತಿದೆ, ಹಲ್ಲು ಗಟ್ಟಿಯಾಗಿದೆ. ಕಳೆದ ಭಾನುವಾರ ನೆರೆಮನೆಯ ಮದುವೆಯಲ್ಲಿ ರಾಂಗೆಲ್ ಎರಡು ಗಂಟೆ ನುಡಿಸಿದ. ಅತ್ತೆ ಕುಣಿಯುವವರ ಸಾಲಿನ ಮುಂದಾಳಾಗಿ ಕರವಸ್ತ್ರ ಬೀಸಿ ಕುಣಿದರು, ಆಮೇಲೆ ಅದರಲ್ಲೇ ಕಣ್ಣೊರೆಸಿಕೊಂಡರು. ಇದೇ ಸಮಯವೆಂದು ನಾನು, "ನಾಳೆ ಹೆಪ್ಪು ಹಾಕ್ತೀರಾ ಅತ್ತೆ?" ಎಂದೆ. "ಮಗ ಚೆನ್ನಾಗಿ ನುಡಿಸಿದ. ಮೊಸರಿನ ಮಾತು ಬೇರೆ" ಎಂದರು.

ಆದ್ದರಿಂದ ತಾವು ಬಿಳಿ ಕೋಟು ತೊಟ್ಟು ನಮ್ಮ ಮನೆಗೆ ದಯಮಾಡಿಸಿ, ಆ ಬ್ಯಾಕ್ಟೀರಿಯಾಗಳೆಲ್ಲ ರಾಡಾ ಅವರ ಮಡಕೆಯಲ್ಲೇ ವಿದ್ಯೆ ಕಲಿತವೆಂದು ಮೊಹರು ಒತ್ತಿದ ಪ್ರಮಾಣಪತ್ರ ಬರೆದುಕೊಡಬೇಕಾಗಿಯೂ, ಸಾಧ್ಯವಾದರೆ ಅದಕ್ಕೆ ಆ ಬ್ಯಾಕ್ಟೀರಿಯಾಗಳಿಂದಲೇ ರುಜು ಹಾಕಿಸಬೇಕಾಗಿಯೂ ಬೇಡಿಕೊಳ್ಳುತ್ತೇನೆ.

ಮೊಸರಿಲ್ಲದ ಮನೆಯಿಂದ,
ತಮ್ಮ ವಿಶ್ವಾಸಿ,
ಸೆವ್ದಾ

ಮರೆತ ಮಾತು: ಮೂವತ್ತು ಮಾತ್ರೆಯ ಡಬ್ಬಿ ಈಗ ಹದಿನೈದೇ ದಿನಕ್ಕೆ ಖಾಲಿಯಾಗುತ್ತಿದೆ. ಅತ್ತೆಯವರನ್ನು ಕೇಳಿದರೆ, "ಇಲಿ ತಿಂದಿರಬೇಕು ಕಣೇ" ಎನ್ನುತ್ತಾರೆ. ಹಾಗೆನ್ನುವಾಗ ಅವರ ಬಾಯಿಂದ ಆ ಮಾತ್ರೆಯದೇ ಪುದೀನ ಪರಿಮಳ ಬರುತ್ತದೆ. ಮುಂದಿನ ಸಲ ಎರಡು ಡಬ್ಬಿ ಕೊಡಿ. ಒಂದರ ಮೇಲೆ ದಯವಿಟ್ಟು 'ಇಲಿಗೆ' ಎಂದು ಬರೆದಿರಲಿ.